ಅರ್ಧಕ್ಕಿಳಿದ ಹುಣಸೆಹಣ್ಣು

ಸರೋಜಮ್ಮ ಬೇಳೆಯ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಳಗೆ ಇಣುಕಿದರು. ತಳ ಕಾಣುತ್ತಿತ್ತು.

"ಎಂತ ಮಾರಾಯ್ತಿ, ಇದು ಬೇಳೆ ಡಬ್ಬಿಯೋ, ಸಾಸಿವೆ ಡಬ್ಬಿಯೋ?"

"ಇವತ್ತು ಇಪ್ಪತ್ತಾರು ಅತ್ತೆ. ತಿಂಗಳು ಮುಗಿಯಕ್ಕೆ ಅಷ್ಟು ಸಾಕು," ಎಂದಳು ಯಶಸ್ವಿನಿ. ಧ್ವನಿಯನ್ನು ಏರದಂತೆ, ಇಳಿಯದಂತೆ ಹಿಡಿದುಕೊಳ್ಳಲು ಅವಳು ಬೆಳಗಿನಿಂದ ಅಭ್ಯಾಸ ಮಾಡಿದ್ದಳು.

"ನಿನ್ನ ಲ್ಯಾಬಲ್ಲಿ ರಕ್ತನೂ ಹಿಂಗೇ ಅರ್ಧರ್ಧ ತೆಗಿತೀಯ?"

ಹಾಲ್‌ನಲ್ಲಿ ಕುಳಿತಿದ್ದ ನಿಶಾಂತ್ ನಕ್ಕ. ಅತ್ತೆಯ ಮಾತಿಗಿಂತ ಗಂಡನ ಆ ನಗು ಅವಳನ್ನು ಹೆಚ್ಚು ಚುಚ್ಚಿತು.

ಇದೆಲ್ಲ ಶುರುವಾದದ್ದು ಒಂದು ಬಿಲ್ಲಿನಿಂದ. ಕಳೆದ ತಿಂಗಳು ಮೇಳಿಗೆಯ ಹಳ್ಳಿಮನೆಗೆ, ಅತ್ತೆ ಮಾವನಲ್ಲಿಗೆ, ಹೋಗಿದ್ದಾಗ ನಿಶಾಂತನ ಅಂಗಿಯ ಜೇಬಿನಿಂದ ಸೂಪರ್‌ಮಾರ್ಕೆಟ್ಟಿನ ಬಿಲ್ಲು ಜಾರಿ ಬಿದ್ದಿತ್ತು. ಮೊಳದುದ್ದದ ಕಾಗದ. ಸರೋಜಮ್ಮ ಅದನ್ನು ಎತ್ತಿಕೊಂಡು, ಊಟಕ್ಕೆ ಕುಳಿತ ಎಲ್ಲರ ಎದುರು, ಪುರಾಣ ಓದುವವರ ಹಾಗೆ ಒಂದೊಂದೇ ಸಾಲು ಓದಿದರು: ಚೀಸ್, ಪಾಸ್ತಾ, ಕಾರ್ನ್‌ಫ್ಲೇಕ್ಸ್, ಕೈ ಒರೆಸುವ ಕಾಗದ. ಮಾವ ದುಗ್ಗಪ್ಪಗೌಡರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು. ಬರುವ ತಿಂಗಳಿಗೆ ಇದು ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ತೀರ್ಥಹಳ್ಳಿಯ ಬಾಡಿಗೆ ಮನೆ ಬಿಟ್ಟು ಗಂಡ, ಹೆಂಡತಿ, ಮಗು ಮೂವರೂ ಮೇಳಿಗೆಗೆ ಬಂದುಬಿಡಬೇಕು. ನಿಶಾಂತ್ "ಆಯ್ತಪ್ಪ" ಎಂದಿದ್ದ. ಹೆಂಡತಿಯ ಮುಖವನ್ನು ನೋಡದೆಯೇ ಎಂದಿದ್ದ.

ಯಶಸ್ವಿನಿಗೆ ಮೇಳಿಗೆ ಎಂದರೆ ಕೆಲಸ ಬಿಡುವುದು ಎಂದೇ ಅರ್ಥ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರಿಗಾಗಿ ಲ್ಯಾಬ್ ಬೆಳಿಗ್ಗೆ ಆರೂವರೆಗೆ ತೆರೆಯುತ್ತಿತ್ತು. ಮೇಳಿಗೆಯಿಂದ ಆ ಹೊತ್ತಿಗೆ ಬಂದು ತಲುಪುವ ಬಸ್ಸಿರಲಿಲ್ಲ; ಕಾರು ಓಡಿಸುತ್ತಿದ್ದವನು ನಿಶಾಂತ್ ಒಬ್ಬನೇ. ಆ ಉದ್ದನೆಯ ಬಿಲ್ಲು ಪ್ರತಿ ತಿಂಗಳೂ ತೀರುತ್ತಿದ್ದುದು ಅವಳ ಸಂಬಳದಿಂದ ಎಂಬುದನ್ನು ಆ ಪಂಕ್ತಿಯಲ್ಲಿ ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಮಾಡಿ ತೋರಿಸುತ್ತೇನೆ ಎಂದುಕೊಂಡಳು.

ಮಾಡಿಯೂ ತೋರಿಸಿದಳು. ವಾರಕ್ಕೆ ಮೂರು ಸಲ ಹೋಗುತ್ತಿದ್ದ ಅಂಗಡಿಗೆ ತಿಂಗಳಿಗೆ ಒಂದೇ ಸಲ, ಊಟ ಮಾಡಿದ ಮೇಲೆ, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದಳು. ತಳ್ಳುಗಾಡಿ ಮುಟ್ಟಲಿಲ್ಲ, ಕೈಬುಟ್ಟಿ ಹಿಡಿದಳು. ಹಳೆಯ ಬಿಲ್ಲನ್ನು ಎದುರಿಗಿಟ್ಟುಕೊಂಡು, ಮಗಳ ಹಾಲನ್ನು ಬಿಟ್ಟು ಉಳಿದ ಎಲ್ಲವನ್ನೂ ಸಮನಾಗಿ ಅರ್ಧಕ್ಕೆ ಇಳಿಸಿದಳು. ಎಣ್ಣೆ ಅರ್ಧ, ಸಕ್ಕರೆ ಅರ್ಧ, ಬೇಳೆ ಅರ್ಧ, ಹುಣಸೆಹಣ್ಣು ಅರ್ಧ. ಯಾವುದಕ್ಕೂ ಪಕ್ಷಪಾತ ಮಾಡದ ಆ ಕ್ರಮ ಅವಳಿಗೆ ಸಮಾಧಾನ ಕೊಟ್ಟಿತು. ತರಕಾರಿಯ ಬದಲು ಹಿತ್ತಿಲ ಒಂದೆಲಗ, ಓನರ್ ಮಂಜುನಾಥಪ್ಪನವರ ಮರದ ನುಗ್ಗೆಸೊಪ್ಪು. ಇಂದು ಅತ್ತೆ ಮೇಳಿಗೆಯಿಂದ ಪರೀಕ್ಷೆ ಮಾಡಲು ಬರುವ ದಿನವೆಂದು, ಕಾಂಪೌಂಡಿನ ಆಚೆಯ ಚರಂಡಿ ಬದಿಯಲ್ಲಿ ಸೊಂಪಾಗಿ ಬೆಳೆದಿದ್ದ ಕೆಸುವಿನ ಎಲೆ ಕೊಯ್ದು ಪತ್ರೊಡೆ ಮಾಡಿದ್ದಳು. ಅಂಗಡಿಗೆ ಹೋಗದೆಯೇ ಆಗುವ, ಮೇಳಿಗೆಯವರೇ ಮೆಚ್ಚುವ ತಿಂಡಿ.

ತಟ್ಟೆ ಹಾಕಿದಳು. ಸರೋಜಮ್ಮ ಒಂದು ತುಂಡು ಬಾಯಿಗಿಟ್ಟು, ಎರಡು ಸಲ ಅಗಿದು, ನಿಲ್ಲಿಸಿದರು.

"ತುರಸ್ತದೆ."

"ನಂಗೂ ಕಣೆ," ನಿಶಾಂತ್ ಕೆಮ್ಮಿದ. "ಗಂಟ್ಲು ಕೆರೀತಿದೆ. ಎಂತ ಹಾಕಿದೀಯ ಇದಕ್ಕೆ?"

ಯಶಸ್ವಿನಿ ತಾನೂ ಒಂದು ತುಂಡು ತಿಂದಳು. ನಾಲಿಗೆಯ ಬುಡದಲ್ಲಿ ಸಣ್ಣ ಸೂಜಿಗಳು ಎದ್ದು ನಿಂತವು. ಆ ಕ್ಷಣಕ್ಕೆ ಎಲ್ಲ ಹೊಳೆಯಿತು. ಉಳಿದದ್ದೆಲ್ಲ ಅರ್ಧವಾದರೂ ನಡೆಯುತ್ತಿತ್ತು. ಕೆಸುವಿನ ತುರಿಕೆಯನ್ನು ಕೊಲ್ಲುವ ಹುಳಿ ಮಾತ್ರ ಅರ್ಧವಾಗಬಾರದಿತ್ತು. ಒಪ್ಪಿಕೊಂಡರೆ ಇಡೀ ತಿಂಗಳ ಶ್ರಮ ಈ ಒಂದು ತುತ್ತಿನಲ್ಲಿ ಮಣ್ಣಾಗುತ್ತದೆ. ಆರೂವರೆಯ ಲ್ಯಾಬೂ.

"ನಂಗೇನೂ ಆಗ್ತಿಲ್ಲಪ್ಪ," ಎಂದು ಎರಡನೆಯದನ್ನು ತಿಂದಳು. ಮೂರನೆಯದನ್ನೂ.

"ಹಂಗಾದ್ರೆ ನಮ್ಮಿಬ್ರ ಗಂಟ್ಲೇ ಸುಳ್ಳು ಹೇಳ್ತದೆ ಅನ್ನು." ಸರೋಜಮ್ಮ ಸೊಸೆಯ ಮುಖದಿಂದ ಕಣ್ಣು ಕೀಳದೆ ತಾವೂ ಇನ್ನೊಂದು ತುಂಡು ಎತ್ತಿಕೊಂಡು ನಿಧಾನವಾಗಿ ಅಗಿಯತೊಡಗಿದರು. ನೀರಿನ ಚೊಂಬು ಇಬ್ಬರ ನಡುವೆ ಇತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ. ಯಶಸ್ವಿನಿಯ ಕಣ್ಣಂಚು ತೇವವಾಯಿತು. ಅವಳು ನಾಲ್ಕನೆಯದಕ್ಕೆ ಕೈ ಚಾಚಿದಳು.

ಅಷ್ಟರಲ್ಲಿ ಐದು ವರ್ಷದ ಶ್ರಾವ್ಯಾ ಹೊರಗಿನಿಂದ ಓಡಿಬಂದು, "ನಂಗೂ ಪತ್ರೊಡೆ!" ಎಂದು ತಾಯಿಯ ತಟ್ಟೆಯಿಂದ ಒಂದು ತುಂಡು ಬಾಚಿಕೊಂಡಳು. ಅದು ತುಟಿ ಮುಟ್ಟುವ ಮೊದಲೇ ಯಶಸ್ವಿನಿ ಅವಳ ಮಣಿಕಟ್ಟು ಹಿಡಿದು ಕಿತ್ತುಕೊಂಡಳು.

ಮಗು ಬೆಚ್ಚಿ ನೋಡಿತು. ಸರೋಜಮ್ಮ ಅಗಿಯುವುದನ್ನು ನಿಲ್ಲಿಸಿದರು.

"ಯಾಕೆ ಕಿತ್ಕಂಡೆ? ತುರಸಲ್ಲ ಅಂದ್ಯಲ್ಲ. ಕೊಡು ಮಗೂಗೆ."

ಯಶಸ್ವಿನಿ ಆ ತುಂಡನ್ನು ಬಾಯಿಗಿಟ್ಟುಕೊಂಡು, ಅಗಿದು, ನುಂಗಿದಳು.

"ತುರಸ್ತದೆ ಅತ್ತೆ," ಎಂದಳು. ಧ್ವನಿ ಒಡೆದಿತ್ತು. "ಹುಣಸೆಹಣ್ಣು ಕಮ್ಮಿ ಹಾಕಿದ್ದು ನಾನೇ."

"ಕೇಳಿದ್ಯನಾ?" ಸರೋಜಮ್ಮ ಮಗನತ್ತ ತಿರುಗಿದರು. "ಮನೆ ನಡ್ಸದು ಅಂದ್ರೆ ಲ್ಯಾಬಲ್ಲಿ ಬಾಟ್ಲಿ ಅಲ್ಲಾಡ್ಸಿದಂಗಲ್ಲ. ಮಗೂ ಬಾಯಿಗೆ ಬೀಳ್ತಿತ್ತು ಇವತ್ತು. ಆ ಓನರಿಗೆ ಫೋನ್ ಮಾಡು ಈಗ್ಲೇ."

ನಿಶಾಂತ್ ಹೆಂಡತಿಯನ್ನು ನೋಡಲಿಲ್ಲ. ಫೋನ್ ಹಚ್ಚಿ ಬಾಗಿಲ ಬಳಿ ನಿಂತ. "ಹಲೋ, ಮಂಜುನಾಥಪ್ಪೋರಾ? ನಾನು ನಿಶಾಂತ್. ಎಂತ ಅಂದ್ರೆ, ಬರೋ ತಿಂಗ್ಳು ನಾವು ಮನೆ ಖಾಲಿ..."

ಯಶಸ್ವಿನಿ ಎಂಜಲು ಕೈಯನ್ನು ಹಿಂದೆ ಹಿಡಿದು, ಎಡಗೈಯಲ್ಲಿ ಅವನ ಕಿವಿಯಿಂದ ಫೋನ್ ತೆಗೆದುಕೊಂಡಳು.

"ನಾನು ಯಶಸ್ವಿನಿ ಸರ್. ಖಾಲಿ ಮಾಡೋರು ಅವರೊಬ್ರೇ. ನಾನು, ಮಗು ಇಲ್ಲೇ ಇರ್ತೀವಿ. ಬಾಡಿಗೆ ನನ್ನ ಖಾತೆಯಿಂದ ಬರ್ತದೆ."

"ನಿಂಗೆ ತಲೆ ಕೆಟ್ಟಿದೆಯನೆ?" ನಿಶಾಂತ್ ಕೂಗಿದ.

"ಕೂಗ್ಬೇಡಿ. ಗಂಟ್ಲು ಮೊದ್ಲೇ ಕೆಟ್ಟಿದೆ, ನಿಮ್ದೂ."

ಸರೋಜಮ್ಮ ಎದ್ದು ಕೈ ತೊಳೆದುಕೊಂಡರು. "ಇರ್ಲಿ ಬಿಡಾ. ಎಷ್ಟು ದಿನ ಅಂತ ನೋಡಣ," ಎಂದು ಸೆರಗಿನಲ್ಲಿ ಬಾಯಿ ಒರೆಸಿದರು. ಸೊಸೆಯ ಕಡೆ ಮತ್ತೆ ತಿರುಗಲಿಲ್ಲ.

ನಾಲ್ಕು ಗಂಟೆಗೆ ನಿಶಾಂತ್ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಮರುದಿನ ಕೆಲಸಕ್ಕೆ ಹಾಕುವ ಅಂಗಿಯನ್ನೂ ಚೀಲಕ್ಕೆ ತುಂಬಿಕೊಂಡಿದ್ದ. ಕಾರಿನ ಸದ್ದು ತಿರುವಿನಲ್ಲಿ ಅಡಗುವವರೆಗೆ ಯಶಸ್ವಿನಿ ಮೆಟ್ಟಿಲ ಮೇಲೆ ನಿಂತಿದ್ದು, ಒಳಗೆ ಬಂದಳು.

ಸಂಜೆ ಕುಕ್ಕರ್ ಇಡಲು ಎಂದಿನಂತೆ ಮೂವರ ಅಕ್ಕಿ ಅಳೆದಳು. ಅಳೆದದ್ದನ್ನು ಸ್ವಲ್ಪ ಹೊತ್ತು ನೋಡಿದಳು. ಎರಡು ಹಿಡಿ ಹಿಂದಕ್ಕೆ ಸುರಿದು, ಉಳಿದದ್ದನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಮೊದಲು ಬೆಳ್ಳಗೆ ಹರಿಯಿತು, ಆಮೇಲೆ ತಿಳಿಯಾಗತೊಡಗಿತು.