ಅಕ್ಕನ ಜಾಗ

ಈಸ್ಟರ್‌ಗೆ ಮುಂಚಿನ ಗುರುವಾರ, ತ್ರುಹಿಯೊ ಊರಿನ ಕಡಲತೀರದ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಹೆಂಗಸರು ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಾರೆ. ಪಕ್ಕದಲ್ಲಿ ಕೂತವರೇ ಜೋಡಿ. ಕೊಳೆ ಕಾಲು ಚಾಚಲು ನಾಚಿಕೆಯಾಗಿ ಎಲ್ಲರೂ ಮನೆಯಲ್ಲೇ ಉಜ್ಜಿ ತೊಳೆದುಕೊಂಡು ಬರುತ್ತಾರೆ. ಹಾಗಾಗಿ ಬೋಗುಣಿಯ ನೀರು ಕೊನೆಯವರೆಗೂ ತಿಳಿಯಾಗಿಯೇ ಇರುತ್ತದೆ.

ನಿಕೊಲಾಸಾ ಬೆಂಚಿನ ತುದಿಯಲ್ಲಿ ಕುಳಿತು ಪಕ್ಕದ ಜಾಗವನ್ನು ಖಾಲಿ ಬಿಟ್ಟಳು. ಅದು ಅಕ್ಕ ದೊಮಿತಿಲಾಳ ಜಾಗ. ಕೆಲವು ವರ್ಷಗಳ ಹಿಂದೆ ಅಕ್ಕನ ಹಂದಿ ಮರಗೆಣಸಿನ ಪಾತಿಯನ್ನು ಅಗೆದುಹಾಕಿತೆಂದು ನಿಕೊಲಾಸಾಳ ಗಂಡ ಸಿಟ್ಟಿನಲ್ಲಿ ಅದನ್ನು ಕೊಂದಿದ್ದ. ಇದ್ದದ್ದನ್ನು ಹಂಚಿ ತಿನ್ನಬೇಕೆಂದು ಕಲಿತವಳು ಇವಳು. ಸಭೆಯ ಪ್ರತಿ ಮನೆಗೂ ಮಾಂಸದ ಪಾಲು ಕಳಿಸಿದಳು. ಅಕ್ಕನ ಮನೆಗೂ. ತಂಗಿ ನೆನೆಸಿಕೊಂಡಳಲ್ಲ ಎಂದು ಅಕ್ಕ ಖುಷಿಯಿಂದ ಉಂಡಳು. ಉಂಡದ್ದು ತನ್ನದೇ ಹಂದಿಯನ್ನೆಂದು ತಿಳಿದ ಮೇಲೆ ಮಾತು ಬಿಟ್ಟಳು, ಸಭೆಯನ್ನೂ ಬಿಟ್ಟಳು.

"ಅಯ್ಯೋ, ಒಬ್ಬಳೇ ಯಾಕೆ ಕೂತಿದ್ದೀಯೇ? ನಾನಿಲ್ವಾ?" ಎನ್ನುತ್ತಾ ಮುದುಕಿ ಬಸಿಲಿಸಾ ಪಕ್ಕದಲ್ಲಿ ಕುಸಿದಳು. ಪ್ರತಿ ವರ್ಷ ಹೀಗೇ. ಯಾರನ್ನೂ ಒಂಟಿಯಾಗಿ ಬಿಡದ ಜನ. ನಿಕೊಲಾಸಾ ಬೋಗುಣಿಯನ್ನು ಹತ್ತಿರ ಎಳೆದುಕೊಂಡಳು. ತಲೆ ತಗ್ಗಿಸಿ ನೀರಿಗೆ ಕೈ ಹಾಕಿದಳು.

"ನೋಡು, ನಿಮ್ಮಕ್ಕ ಬಾಗಿಲಿಂದಾನೇ ವಾಪಸ್ ಹೊರಟ್ಲು," ಎಂದಳು ಬಸಿಲಿಸಾ. "ಹೋದ ವರ್ಷಾನೂ ಹಿಂಗೇ ಇಣುಕಿ ಹೋದ್ಲಪ್ಪ."

"ಹೋದ ವರ್ಷಾನೂ ಬಂದಿದ್ಲಾ?"

"ನೀನು ಬಗ್ಗಿ ನನ್ನ ಕಾಲು ತೊಳೀತಿದ್ದೆ."

ನಿಕೊಲಾಸಾ ಬೋಗುಣಿಯನ್ನು ಎತ್ತಿಕೊಂಡು ಎದ್ದಳು.

"ಲೇ, ನನ್ನ ಇನ್ನೊಂದು ಕಾಲು!"

ಅವಳು ಆಗಲೇ ಹೊರಗಿದ್ದಳು.

ಅಕ್ಕ ತನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಬಾಳೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ದಾರಿಯೆಲ್ಲಾ ಚೆಲ್ಕೊಂಡು ಬಂದಿದ್ದೀಯ. ಅರ್ಧ ನೀರೂ ಉಳಿದಿಲ್ಲ."

"ನಿಂಗೆ ಸಾಕು, ಅಕ್ಕ."

"ತೊಳ್ಕೊಂಡೇ ಬಂದಿದ್ದೆ ನಾನು. ವಾಪಸ್ ಬರುವಾಗ ಹಳ್ಳ ದಾಟಿದೆ. ನೋಡು, ಮೊಣಕಾಲಿನ ತನಕ ಕೆಸರು."

"ಹಂದೀನ ಕೊಂದದ್ದು ತಪ್ಪು. ನಿಂಗೆ ಹೇಳದೆ ಮಾಂಸ ಕಳ್ಸಿದ್ದು ಅದಕ್ಕಿಂತ ದೊಡ್ಡ ತಪ್ಪು."

ಅಕ್ಕನ ಚಾಕು ನಿಂತಿತು. "ಕೈಯಾರೆ ಸಾಕಿದ್ದೆ ಕಣೇ. ಕೂಗಿದ್ರೆ ಓಡಿ ಬರ್ತಿತ್ತು." ಬಾಳೆಕಾಯಿಯನ್ನು ಕೆಳಗಿಟ್ಟಳು. "ರುಚಿಯಾಗಿತ್ತು. ಅದನ್ನೇ ನನ್ನಿಂದ ತಡ್ಕೊಳಕ್ಕಾಗಲ್ಲ."

ನಿಕೊಲಾಸಾ ಬೋಗುಣಿಯನ್ನು ಕೆಳಗಿಟ್ಟು ಮಂಡಿಯೂರಿದಳು. ಅಕ್ಕ ಚಾಕು ಬದಿಗಿಟ್ಟು ಒಂದು ಕಾಲು ಚಾಚಿದಳು.

"ಒಂದೇ. ಇನ್ನೊಂದು ಮುಂದಿನ ವರ್ಷ."

ಬೆರಳ ಸಂದಿಗಳನ್ನೂ ಬಿಡದೆ ತೊಳೆದಳು ನಿಕೊಲಾಸಾ, ಅವಸರವಿಲ್ಲದೆ. ಕೆಸರಿಗೆ ನೀರು ಕೆಂಪಗೆ ಕದಡಿತು. ಇನ್ನೊಂದು ಕಾಲು ಲಂಗದಡಿ ಮಡಚಿಕೊಂಡೇ ಇತ್ತು. ಭುಜದ ಮೇಲಿನ ಟವೆಲ್ಲಿನಿಂದ ಒರೆಸಿದಳು.

ಅಕ್ಕ ಮತ್ತೆ ಬಾಳೆಕಾಯಿ ಕೈಗೆತ್ತಿಕೊಂಡಳು. ಆದರೆ ಹೊಸ್ತಿಲ ಮೇಲೆ ತುಸು ಸರಿದು ಕೂತಳು. ಆ ಜಾಗದಲ್ಲಿ ನಿಕೊಲಾಸಾ ಕುಳಿತು, ಚಪ್ಪಲಿ ಕಳಚಿ, ತನ್ನ ಕಾಲುಗಳನ್ನು ಬೋಗುಣಿಯ ಪಕ್ಕದಲ್ಲಿಟ್ಟು ಕಾಯತೊಡಗಿದಳು.