ರಾಜಮತಿಯವರ ಸ್ಮರಣಾರ್ಥ

ಸಾತವ್ವನಿಗೆ ಉಸಿರು ಸಾಲುತ್ತಿರಲಿಲ್ಲ. ಬನಹಟ್ಟಿಯ ಪವರ್‌ಲೂಮ್ ಖೋಲಿಯಲ್ಲಿ ವರ್ಷಾನುಗಟ್ಟಲೆ ಹತ್ತಿಯ ದೂಳು ಕುಡಿದ ಎದೆ ಅದು. ಊರಿನ ಟ್ರಸ್ಟ್ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ, "ಇಲ್ಲಿ ಆಗೂದಿಲ್ಲ, ಬಾಗಲಕೋಟಿಗೆ ಒಯ್ಯಿರಿ" ಅಂದರು.

ಆಂಬುಲೆನ್ಸಿನ ಸಿಲಿಂಡರು ರಿಪೇರಿಗೆ ಹೋಗಿತ್ತು. ನರ್ಸ್ ಮಾನಸಿ ವಾರ್ಡಿನಿಂದ ಬ್ಯಾಟರಿ ಮೇಲೆ ನಡೆಯುವ ಆಕ್ಸಿಜನ್ ಮಷಿನ್ ತಂದಳು. ಬ್ಯಾಟರಿ ತುಂಬಿತ್ತು. ಬಾಗಲಕೋಟೆ ಮುಟ್ಟುವಷ್ಟು ಇತ್ತು, ಅದಕ್ಕಿಂತ ಹೆಚ್ಚೇನಿಲ್ಲ. ಮಷಿನ್ ಮೇಲೆ ಹಿತ್ತಾಳೆ ತಗಡು: 'ದಿವಂಗತ ರಾಜಮತಿಯವರ ಸ್ಮರಣಾರ್ಥ, ಮಗ ಧನಪಾಲ.' ತಗಡಿನ ಕೆಳಗೆ ರಿವೆಟ್ ಹೊಡೆದು ಕೂರಿಸಿದ ಟ್ಯಾಗ್.

ಆಸ್ಪತ್ರೆಯ ಬಾಗಿಲುಗಳಲ್ಲಿ ಕೂರಿಸಿದ ಡಬ್ಬಿಗಳು ರೇಡಿಯೊ ಅಲೆಯಿಂದ ಈ ಟ್ಯಾಗುಗಳನ್ನು ಓದುತ್ತವೆ. ಯಾವ ಮಷಿನ್ ಎಲ್ಲಿದೆ ಎಂದು ತಕ್ಷಣ ತಿಳಿಯಲಿ, ರೋಗಿ ಕಾಯುವುದು ಬೇಡ ಅಂತ ಕಂಪನಿಯವರು ಹೇಳಿ ಹೋಗಿದ್ದರು. ಟ್ರಸ್ಟಿನ ಕಾರ್ಯದರ್ಶಿ ಗಿರಿಮಲ್ಲಪ್ಪ ಕೇಳಿದ್ದು ಒಂದೇ: ದಾನದ ಸಾಮಾನು ಗೇಟಿಗೆ ಬಂದರೆ ಅಡ್ಡಗಂಬಿ ಬೀಳಬೇಕು, ತಮ್ಮ ಮೊಬೈಲಿನಿಂದ ಮಾತ್ರ ಏಳಬೇಕು. ಇಲ್ಲಿನ ದಾನಿಗಳು ಬೀಗರನ್ನು ಕರೆತಂದು ತಮ್ಮ ಹೆಸರಿನ ಮಂಚ, ಫ್ಯಾನು ತೋರಿಸುತ್ತಾರೆ. ಸಾಮಾನು ಕಾಣದಿದ್ದರೆ ಮುಂದೆ ದಾನ ಬರುವುದಿಲ್ಲ ಎಂಬ ಹೆದರಿಕೆ ಗಿರಿಮಲ್ಲಪ್ಪನವರದು.

ಸಾತವ್ವನನ್ನೂ ಮಷಿನನ್ನೂ ಹೊತ್ತ ಆಂಬುಲೆನ್ಸು ಗೇಟಿಗೆ ಬಂದದ್ದೇ ಕಂಬಿ ಬಿತ್ತು. ಸೈರನ್ ಕೂಗಿತು.

"ಮಷಿನ್ ಇಳಸ್ರಿ ಅಕ್ಕಾರ, ಗಾಡಿ ಬಿಡ್ತೇನಿ," ಅಂದ ವಾಚ್‌ಮನ್ ದುರಗೇಶ.

"ಇಳಿಸಿದ್ರ ಹೆಣಾ ಒಯ್ಯಬೇಕಾಕ್ಕೈತಿ. ಗೇಟ್ ತಗೀ," ಅಂದಳು ಮಾನಸಿ.

"ನನ್ನ ಕೈಯಾಗಿಲ್ರಿ. ಕಂಪ್ಯೂಟರ್ ಹಾಕೈತಿ."

"ಕಂಪ್ಯೂಟರ್ ಏನು ನಿಮ್ಮ ಮಾವ ಏನಲೇ?" ಡ್ರೈವರ್ ಮಾಂತೇಶ ಗಾಡಿ ಹಿಂದೆ ತೆಗೆದ. "ಸರಿ ಅತ್ಲಾಗ, ಮುರಕೊಂಡು ಹೊಕ್ಕೇನಿ."

ದುರಗೇಶ ಕಂಬಿಗೆ ಬೆನ್ನು ಕೊಟ್ಟು ನಿಂತ. "ನನ್ನ ಮ್ಯಾಲ ಹಾಯಿಸ್ಕೊಂಡು ಹೋಗಣ್ಣಾ. ವ್ಹೀಲ್‌ಚೇರ್ ಕಾಣಲಿಲ್ಲಂತ ನನಗಿಂತ ಮೊದಲಿದ್ದಾಂವನ್ನ ಕಳ್ಳ ಅಂದು ಮನಿಗೆ ಕಳಿಸ್ಯಾರ."

ಆ ವ್ಹೀಲ್‌ಚೇರ್ ಆಮೇಲೆ ಆಸ್ಪತ್ರೆಯ ಅಡುಗೆಮನೆಯಲ್ಲೇ ಸಿಕ್ಕಿತ್ತು, ಅಕ್ಕಿ ಚೀಲ ಹೊತ್ತುಕೊಂಡು. ವಾಚ್‌ಮನ್‌ನನ್ನು ಮಾತ್ರ ಯಾರೂ ತಿರುಗಿ ಕರೆಯಲಿಲ್ಲ.

ಮಾನಸಿ ಗಿರಿಮಲ್ಲಪ್ಪನವರಿಗೆ ಫೋನ್ ಹಚ್ಚಿದಳು.

"ಅದು ಧನಪಾಲ ಅಣ್ಣಾರ ಅವ್ವನ ಹೆಸರಿಂದವಾ. ಅವರನ್ನ ಕೇಳದ ಹೆಂಗ ಹೊರಗ ಬಿಡ್ಲಿ? ದಿನಾ ಮುಂಜಾನಿ ಫೋನಿನ್ಯಾಗ ನೋಡ್ತಾರ, ಐತೋ ಇಲ್ಲೋ ಅಂತ. ತಡಿ, ಕೇಳಿ ಹೇಳ್ತೇನಿ."

ಧನಪಾಲ ಮುಧೋಳದ ಕಡೆ ಸಕ್ಕರೆ ಫ್ಯಾಕ್ಟರಿಯಲ್ಲಿದ್ದರು. ಫೋನ್ ಎತ್ತಲಿಲ್ಲ. ಕರೆಂಟ್ ಹೋಗಿತ್ತು. ಮಷಿನ್ ಹಚ್ಚೋಣವೆಂದರೆ ವಾಚ್‌ಮನ್ ಖೋಲಿಯ ಪ್ಲಗ್ಗಿನಲ್ಲಿ ಜೀವ ಇರಲಿಲ್ಲ, ಗೇಟಿಗೆ ಮಾತ್ರ ಸ್ವಂತ ಬ್ಯಾಟರಿ ಇತ್ತು. ವಾರ್ಡಿಗೆ ಮರಳಿದರೆ ಗೋಡೆಯ ಪೈಪಿನಲ್ಲಿ ಆಕ್ಸಿಜನ್ ಇತ್ತು, ಆಕೆಯನ್ನು ಉಳಿಸುವ ಡಾಕ್ಟರು ಇರಲಿಲ್ಲ. ಈಗ ಬಿಡುತ್ತಾರೆ, ಇನ್ನೇನು ಬಿಡುತ್ತಾರೆ ಅಂತ ನಿಂತರು. ಮಷಿನ್ ತನ್ನ ಪಾಡಿಗೆ ಬ್ಯಾಟರಿ ತಿನ್ನುತ್ತಿತ್ತು.

ಸಾತವ್ವನ ಗಂಡ ರಾಮಲಿಂಗಪ್ಪ ಹೆಂಡತಿಯ ಮೂಗಿನ ನಳಿಗೆ ಹಿಡಿದುಕೊಂಡೇ ಕೇಳಿದ, "ಯವ್ವಾ, ಈ ಧನಪಾಲ ಯಾರು? ಡಾಕ್ಟರೇನು?"

"ಅಲ್ಲರಿ ಕಾಕಾ."

"ಮತ್ತ ಅವರನ್ಯಾಕ ಕೇಳಾಕತ್ತೀರಿ?"

ಮಾನಸಿ ಮತ್ತೆ ಫೋನ್ ಹಚ್ಚಿದಳು. "ಸಾಹೇಬ್ರ, ಪೇಷಂಟ್ ಸಾಯಾಕತ್ತಾರ!"

"ನನಗೇನು ಕಾಳಜಿ ಇಲ್ಲೇನವಾ? ಅವರು ಎತ್ತವಲ್ರು!"

ಕಡೆಗೆ ಎತ್ತಿದರು. ಗಿರಿಮಲ್ಲಪ್ಪ ಇಬ್ಬರನ್ನೂ ಒಂದೇ ಲೈನಿಗೆ ಹಾಕಿದರು. ಧನಪಾಲರ ದನಿ ಮಾನಸಿಗೂ ಕೇಳಿತು: "ಅಲ್ರೀ, ಇದಕ್ಕ ನನ್ನ ಯಾಕ ಕೇಳ್ತೀರಿ? ರೋಗಿಗಂತನ ಕೊಟ್ಟದ್ದಲ್ಲೇನ್ರಿ ಅದು? ಮೊದಲ ಗಾಡಿ ಬಿಡ್ರಿ!"

ಕಂಬಿ ಎದ್ದಿತು. ಮಾಂತೇಶ ಜಮಖಂಡಿ ದಾಟಿಸಿದ. ಬೀಳಗಿಯಲ್ಲಿ ಬ್ಯಾಟರಿಯ ಒಂದು ಗೆರೆ ಉಳಿದಿತ್ತು, ಮುಟ್ಟುತ್ತೇವೆ ಅಂದುಕೊಂಡರು. ಬಾಗಲಕೋಟೆ ದಾರಿಯ ಅನಗವಾಡಿ ಇನ್ನೂ ಮುಂದಿರುವಾಗ ಮಷಿನ್ ಕೂಗಿ ನಿಂತಿತು. ಮಾನಸಿ ಉಸಿರು ಕೊಡುವ ಕೈಪಂಪು ಒತ್ತುತ್ತ ಹೋದಳು. ಬಾಗಲಕೋಟೆಯ ಡಾಕ್ಟರು ಗಾಡಿಯಲ್ಲೇ ನಾಡಿ ನೋಡಿ ಕೈ ಬಿಟ್ಟರು.

ಮರುದಿನ ಗಿರಿಮಲ್ಲಪ್ಪ ಆಫೀಸಿನ ಪರದೆಯ ಮುಂದೆ ಕೂತಿದ್ದರು. ಮಾನಸಿ ಒಳಗೆ ಬಂದಾಗ ತಲೆ ಎತ್ತಲಿಲ್ಲ.

"ಪಾಪ, ಆಕೀ ನಸೀಬ," ಅಂದರು. "ಮಷಿನ್ ವಾಪಸ್ ಬಂತಲ್ಲ, ಛಲೋ ಆತು."

"ನಸೀಬ ಅನಬ್ಯಾಡ್ರಿ. ಗೇಟ್ ಹಾಕಿದಾವರು ನೀವು."

"ದನಿ ಇಳಿಸಿ ಮಾತಾಡವಾ. ನಾ ನಿಯಮ ಮಾಡಿದ್ದು ಆಸ್ಪತ್ರಿ ಸಲುವಾಗಿ."

ಆ ನಿಯಮ ಇವತ್ತಿಗೂ ಇದೆ. ಆಸ್ಪತ್ರೆಯಿಂದ ಹೋದ ಸಾಮಾನು ಒಂದೂ ಇಲ್ಲ. ಹೋದ ಜೀವ ಒಂದು.