ಹಂಸಜೋಡಿ ಚಾದ ಪ್ಲೇಟು

ಹಾನಗಲ್ಲಿನ ಭತ್ತದ ಪೇಟೆಯ ಎದುರು ಮೈಕ್ ಸೆಟ್ಟಿನ ಅಂಗಡಿ ಇಟ್ಟುಕೊಂಡಿದ್ದ ಗುತ್ತೆಪ್ಪನಿಗೆ ಜೀವನದಲ್ಲಿ ಒಂದೇ ಒಂದು ಕೊರಗು. ನಾಲ್ಕು ತಾಲೂಕಿನ ಮದುವೆ, ನಾಟಕ, ಭಾಷಣ, ಹರಾಜು ಎಲ್ಲವನ್ನೂ ಊರಿಗೆ ಕೇಳಿಸಿದ ಈ ಮನುಷ್ಯ ತನ್ನ ಹೆಸರನ್ನು ತನ್ನ ಹೆಂಡತಿಯ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಗಬೇಡಿ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿತ್ತು ಅಂತಾರಲ್ಲ, ಹಾಗಿತ್ತು ಅವನ ಪಾಡು.

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ, ಗೊತ್ತಿದ್ದದ್ದೇ. ಹೇಳಲೇಬೇಕೆಂದರೆ ಒಡಪು ಕಟ್ಟಿ ಹೇಳಬೇಕು: ಪ್ರಾಸ ಕೂಡಿದ ಎರಡು ಸಾಲು, ಕೊನೆಗೆ ಹೆಸರು. ಉಳಿದ ದಿನವೆಲ್ಲ ‘ಏನ್ರೀ’, ‘ಕೇಳಿದ್ರೇನು’, ಮಗಳು ಹುಟ್ಟಿದ ಮೇಲೆ ‘ರೇಣವ್ವನ ಅಪ್ಪ’. ಜನಗಣತಿಗೆ ಬಂದ ಮಾಸ್ತರರು “ಯಜಮಾನರ ಹೆಸರೇನವಾ?” ಎಂದಾಗ ಗುತ್ತೆಪ್ಪನ ಹೆಂಡತಿ ಶಂಕ್ರವ್ವ ತುಟಿ ಬಿಚ್ಚದೆ ಅಂಗಡಿಯ ಬೋರ್ಡಿನ ಕಡೆ ಕೈ ಮಾಡಿದ್ದಳು. ಪುಣ್ಯಕ್ಕೆ ಬೋರ್ಡಿನ ಮೇಲೆ ಅವನ ಹೆಸರೇ ಇತ್ತು.

ಮದುವೆಯಲ್ಲಿ ಹೇಳಿರಲಿಲ್ಲವೇ ಅಂತ ನೀವು ಕೇಳಬಹುದು. ಹೇಳಿದ್ದಳು. ಎಪ್ಪತ್ತೆರಡನೇ ಇಸವಿಯಲ್ಲಿ, ದುಂಡಸಿಯಿಂದ ಬಂದ ಹೊಸ ಸೊಸೆಯಾಗಿ ಹೊಸ್ತಿಲ ಮೇಲೆ ನಿಂತು ಹೇಳಿದ್ದಳು. ಆದರೆ ತನ್ನ ಮದುವೆಗೆ ಬೇರೆಯವರ ಮೈಕು ಯಾಕೆ ಎಂದು ಮದುಮಗನೇ ಮೈಕು ಕಟ್ಟಿದ್ದ. ಯಾವನೋ ಉತ್ಸಾಹಿ ಆ ಮೈಕನ್ನು ಮದುಮಗಳ ಬಾಯಿಗೆ ಹಿಡಿದ, ಮೇಲಿನ ಹಾರ್ನು ಕುಂಯ್ಯೋ ಎಂದು ಊಳಿಟ್ಟಿತು, ನೆರೆದವರೆಲ್ಲ ಕಿವಿ ಮುಚ್ಚಿಕೊಂಡರು. ಗುತ್ತೆಪ್ಪ ಬಾಸಿಂಗ ಹಿಡಿದುಕೊಂಡು ಓಡಿಹೋಗಿ ಗುಂಡಿ ತಿರುವಿ ಬರುವಷ್ಟರಲ್ಲಿ ಒಡಪು ಮುಗಿದಿತ್ತು. “ಇನ್ನೊಮ್ಮೆ ಹೇಳವಾ” ಎಂದರೆ ಹೆಂಗಸರೆಲ್ಲ ಬೈದರು. “ಹೇಳಿದ್ದು ಹೇಳ್ಯಾಳ, ಸುಮ್ನ ಒಳಗ ನಡಿ!”

ಎರಡನೆಯ ಅವಕಾಶವನ್ನು ಅವನ ಸಿಟ್ಟೇ ನುಂಗಿತು. ಎಪ್ಪತ್ತಾರರ ಪಂಚಮಿಯ ಹೊತ್ತಿಗೆ ಹಂಸಜೋಡಿ ಎಂಬ ಚಾಪುಡಿ ಕಂಪನಿಯವರು ವ್ಯಾನು ತಂದರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಹೆಣ್ಣುಮಕ್ಕಳಿಗೆ ಒಡಪಿನ ಪಂದ್ಯ. ಒಡಪಿನಲ್ಲಿ ಚಾದ ಹೆಸರೂ ಬರಬೇಕು, ಗಂಡನ ಹೆಸರೂ ಬರಬೇಕು. ಊರಿಗೊಬ್ಬರನ್ನು ಆರಿಸಿ ಅವರ ದನಿ ಹಿಡಿದು ಗ್ರಾಮಫೋನ್ ಪ್ಲೇಟು ಮಾಡಿಸುತ್ತಾರೆ, ರೇಡಿಯೋದಲ್ಲಿ ಹಾಕಿಸುತ್ತಾರೆ ಎಂದು ಸಾರಿದರು. ಕಂಪನಿಯವರು ತಮ್ಮದೇ ಮೈಕು ತಂದಿದ್ದರು, ಅಷ್ಟೇ ಸಾಕಾಯಿತು ಇವನಿಗೆ.

“ನಾ ಇರೂತನಕ ನಮ್ಮೂರಾಗ ಮಂದಿ ಮೈಕ ಯಾಕ? ಆ ಕಡೆ ತಲಿ ಹಾಕಿನೂ ಮಲಗಂಗಿಲ್ಲ” ಎಂದು ಅಂಗಡಿಯಲ್ಲೇ ಕುಳಿತ.

ಶಂಕ್ರವ್ವ ಪಕ್ಕದ ಮನೆಯ ಉಡಚವ್ವನ ಜೊತೆ ಹೋದಳು, ಗೆದ್ದಳು, ಒಂದು ಸ್ಟೀಲಿನ ಡಬ್ಬಿ ತುಂಬ ಚಾಪುಡಿ ತಂದಳು.

“ಏನಂತ ಹೇಳಿದಿ?” ಎಂದು ಇವನು ಮುಖ ಊದಿಸಿಕೊಂಡೇ ಕೇಳಿದ.

“ಬಂದಿದ್ರ ಕೇಳತಿದ್ರಿ. ಇನ್ನ ಪ್ಲೇಟ್ ಬರ್ತೈತಲ್ಲ, ಆವಾಗ ಕೇಳ್ರಿ.”

ಪ್ಲೇಟು ಬಂತು, ಆದರೆ ಗೆದ್ದವರ ಮನೆಗಲ್ಲ. ರೇಡಿಯೋಕ್ಕೆ ಹೋಯಿತು, ಕಂಪನಿಯ ವ್ಯಾನುಗಳಿಗೆ ಹೋಯಿತು. ಮರುವರ್ಷ ಮಾರ್ಚಿನಲ್ಲಿ ಮೂರು ವಾರ ದಿನಾ ಮುಂಜಾನೆ ಚಾದ ಜಾಹೀರಾತಿನಲ್ಲಿ ಶಂಕ್ರವ್ವನ ಒಡಪು ಬಂತು. ಆ ಮೂರು ವಾರ ಗುತ್ತೆಪ್ಪ ಎಲ್ಲಿದ್ದ? ಚುನಾವಣೆಯ ಜೀಪಿಗೆ ಎರಡು ಹಾರ್ನು ಬಿಗಿದುಕೊಂಡು ಹಿರೇಕೆರೂರಿನ ಹಳ್ಳಿ ಹಳ್ಳಿ ಸುತ್ತುತ್ತಿದ್ದ. ತಲೆಯ ಮೇಲೆ ತನ್ನ ಹಾರ್ನೇ ಒದರುವಾಗ ರೇಡಿಯೋ ಎಲ್ಲಿ ಕೇಳಬೇಕು!

ಊರಿಗೆ ಮರಳಿ ಕ್ಷೌರಕ್ಕೆ ಕುಳಿತರೆ, ಕ್ಷೌರದ ಲಕ್ಷ್ಮಪ್ಪ ಒಂದು ಗಲ್ಲ ಬೋಳಿಸಿ ಕತ್ತಿ ತಡೆದ. ಊರವರು ಗುತ್ತೆಪ್ಪನನ್ನು ಮೈಕಣ್ಣ ಎಂದೇ ಕರೆಯುವುದು. “ಏ ಮೈಕಣ್ಣಾ, ನಿನ್ನ ಹೇಣ್ತಿ ರೇಡಿಯೋದಾಗ ನಿನ್ನ ಹೆಸರ ಎಷ್ಟ ಛಂದ ಹೇಳ್ಯಾಳೋ ಮಾರಾಯಾ! ಕೇಳಿಲ್ಲ? ಅಯ್ಯ ನಿನ್ನ! ತಡಿ, ನಾನ ಹೇಳತೇನಿ.”

ಗುತ್ತೆಪ್ಪ ಮುಖದ ಮೇಲಿನ ನೊರೆ ಸಮೇತ ಎದ್ದು ನಿಂತ. “ಬ್ಯಾಡೋ! ಅಕಿ ಬಾಯಾಗಿಂದ ಕೇಳಬೇಕು. ನಿನ್ನ ಬಾಯಾಗಿಂದ ಕೇಳಾಕ ನೀ ಏನ ನನ್ನ ಹೇಣ್ತಿ?”

ಮನೆಯಲ್ಲಿ ಅಂಗಲಾಚಿ ನೋಡಿದ. ಶಂಕ್ರವ್ವ ಜಗ್ಗಲಿಲ್ಲ.

“ಮನ್ಯಾಗ ಕುಂತು ಗಂಡನ ಹೆಸರ ಹೇಳಾಕ ನನಗೇನ ಹುಚ್ಚ ಹಿಡದೈತೇನ್ರಿ? ಆಯುಷ್ಯ ಕಡಿಮಿ ಆಗ್ತೈತಿ.”

“ನಾಲ್ಕ ತಾಲೂಕ ಕೇಳೈತಿ, ನಾ ಇನ್ನೂ ಜೀವಂತ ಅದೀನಲ್ಲ?”

“ಅದು ಪಂದ್ಯದಾಗ ಹೇಳಿದ್ದು. ಅದರ ಮಾತ ಬ್ಯಾರೆ.”

ಅವತ್ತೇ ಗುತ್ತೆಪ್ಪ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಆ ಪ್ಲೇಟು ಹುಡುಕಬೇಕು, ತನ್ನ ಯಂತ್ರದ ಮೇಲೆ ಹಾಕಬೇಕು, ಕೇಳಬೇಕು.

ಹುಡುಕುವುದು ಸುಲಭವೇ? ಜಾಹೀರಾತಿನ ಪ್ಲೇಟುಗಳು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡ, ಏಳಿಂಚಿನ ಸಣ್ಣ ಪ್ಲೇಟು. ನಡುವಿನ ಚೀಟಿಯ ಮೇಲೆ ‘ಪ್ರಚಾರಕ್ಕಾಗಿ, ಮಾರಾಟಕ್ಕಲ್ಲ’ ಎಂಬ ಛಾಪಾ. ನೂರೋ ಇನ್ನೂರೋ ಮಾಡಿಸಿ ಹಂಚುತ್ತಿದ್ದರು, ಹಂಚಿ ಮರೆಯುತ್ತಿದ್ದರು. ಗುತ್ತೆಪ್ಪ ಮೈಕು ಕಟ್ಟಲು ಹೋದ ಊರಲ್ಲೆಲ್ಲ ಕೇಳಿದ. ಶಿಗ್ಗಾಂವಿಯ ಒಂದು ಮನೆಯಲ್ಲಿ ಹಲ್ಲುಪುಡಿಯ ಹಾಡು ಮಜ್ಜಿಗೆ ಗಡಿಗೆಗೆ ಮುಚ್ಚಳವಾಗಿತ್ತು. ಹತ್ತಿಮತ್ತೂರಿನ ಹೋಟೆಲಿನಲ್ಲಿ ಬೀಡಿಯ ಹಾಡನ್ನು ಮೊಳೆ ಹೊಡೆದು ಗೋಡೆಗೆ ಏರಿಸಿದ್ದರು. ಹಿರೇಕೆರೂರಿನ ಹೊಲದಲ್ಲಿ ಗೊಬ್ಬರದ ಹಾಡು ಗಿಳಿ ಬೆದರಿಸಲು ಜೋಳದ ನಡುವೆ ತೂಗಾಡುತ್ತಿತ್ತು. ಎಲ್ಲವನ್ನೂ ತಂದ, ಸೀಗೆಪುಡಿ ನೀರಿನಲ್ಲಿ ತೊಳೆದ, ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿಟ್ಟ. ಹತ್ತು ವರ್ಷದಲ್ಲಿ ಪಂಪ್‌ಸೆಟ್ಟು, ಸೈಕಲ್ ಟೈರು, ಹತ್ತಿಬೀಜ, ಸೋಪು ಎಲ್ಲ ಸೇರಿ ಎರಡು ಟ್ರಂಕು ತುಂಬಿದವು. ಹಂಸಜೋಡಿ ಒಂದು ಮಾತ್ರ ಸಿಗಲಿಲ್ಲ.

ಆದರೂ ಸುಳ್ಳು ಯಾಕೆ ಹೇಳಬೇಕು, ಆ ಹತ್ತು ವರ್ಷ ಅವನು ಸುಖವಾಗಿಯೇ ಇದ್ದ. ಸಂಜೆ ಅಂಗಡಿಯಲ್ಲಿ ಒಂದೊಂದೇ ಪ್ಲೇಟು ಹಾಕಿದರೆ ಮಂದಿ ತಾವಾಗಿಯೇ ಬಂದು ಕೂಡುತ್ತಿದ್ದರು. ಹಲ್ಲುಪುಡಿಯ ಹಾಡು ಶುರುವಾದರೆ ಒಬ್ಬ, “ಇದು ಬಂತಂದ್ರ ನಮ್ಮಪ್ಪ ಎತ್ತ ಬಿಚ್ಚತಿದ್ದ” ಎನ್ನುವನು. ಇನ್ನೊಬ್ಬ, “ನಮಗ ಸಾಲಿ ಗಂಟಿ ಅಂದ್ರ ಇದ” ಎನ್ನುವನು. ಹೈಸ್ಕೂಲಿನ ವಿಠ್ಠಲರಾಯರಿಗಂತೂ ಯಾವ ಜಾಹೀರಾತು ಎಷ್ಟು ಹೊತ್ತಿಗೆ ಬರುತ್ತಿತ್ತು ಎಂಬುದು ಬಾಯಿಪಾಠ.

“ಮೈಕಣ್ಣ, ನಿನ್ನ ಹೇಣ್ತಿ ಒಡಪು ಎಂಟಕ್ಕ ಐದು ಕಮ್ಮಿಗೆ ಬರ್ತಿತ್ತು ನೋಡು. ನಮ್ಮವ್ವ ಗೋಪಿಕಾಬಾಯಿ ಮಡೀಲೆ ಇರೂ ಹೊತ್ತು. ರೇಡಿಯೋ ಮುಟ್ಟೂಹಂಗಿಲ್ಲ, ಒಲಿ ಮುಂದಿಂದನ ಒದರತಿದ್ಲು: ‘ವಿಠ್ಠಲಾ, ದೊಡ್ಡದು ಮಾಡೋ, ಹಾನಗಲ್ಲಿನಾಕಿ ಬಂದ್ಲು!’ ಅಂತ.”

ಇಂಥ ಮಾತು ಕೇಳಿದಾಗ ಗುತ್ತೆಪ್ಪನಿಗೆ ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಮಡಿಯಲ್ಲಿದ್ದ ಗೋಪಿಕಾಬಾಯಿಯವರು ಕೇಳಿದ್ದಾರೆ, ಕಟ್ಟಿಕೊಂಡ ಗಂಡ ಕೇಳಿಲ್ಲ!

ಎಂಬತ್ತೇಳರ ಸುಗ್ಗಿಯ ದಿನಗಳು. ಆಗಲೇ ಕ್ಯಾಸೆಟ್ಟಿನ ಕಾಲ, ಪ್ಲೇಟು ಕೇಳುವವರೇ ಇಲ್ಲ. ಹತ್ತಿಮತ್ತೂರಿನ ಮದುವೆ ಮುಗಿಸಿ, ಹಾರ್ನು ಹೆಗಲಿಗೇರಿಸಿ ಸವಣೂರಿನಲ್ಲಿ ಬಸ್ಸು ಬದಲಿಸುವಾಗ, ಮನೆಗೆ ವೀಳ್ಯದೆಲೆ ಒಯ್ಯೋಣವೆಂದು ಒಂದು ಅಂಗಡಿಯ ಮುಂದೆ ನಿಂತ. ಅಂಗಡಿಯ ಮುದುಕ ದಸ್ತಗೀರಸಾಬ ಹಾರ್ನು ನೋಡಿ ಮಾತಿಗೆಳೆದ.

“ಯಾವೂರ ಮೈಕ್ರಿ?”

“ಹಾನಗಲ್ಲ. ನನ್ನ ಹೆಸರ ಗುತ್ತೆಪ್ಪ.”

ಎಲೆ ಎತ್ತಿಕೊಡುತ್ತಿದ್ದ ಕೈ ಅಲ್ಲೇ ನಿಂತಿತು. “ಅರೇ! ಹಂಸಜೋಡಿ ಚಾದ ಗುತ್ತೆಪ್ಪ ನೀವೇನು? ಆ ವ್ಯಾನ್ ಹೊಡೀತಿದ್ದಾಂವ ನಾನರಿ! ಸಂತಿ ಸಂತಿಗೆ ನಿಮ್ಮ ಹೆಸರ ಕೇಳಿ ಕೇಳಿ ನನಗ ನೀವು ಸಂಬಂಧಿಕರ ಆಗೀರಿ. ‘ಹಂಸಜೋಡಿ ಚಾಕ್ಕ—’”

ಗುತ್ತೆಪ್ಪ ಹಾರ್ನು ದೊಪ್ಪನೆ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡ. “ನಿಮ್ಮ ಕಾಲ ಬೀಳತೇನಿ, ಹೇಳಬ್ಯಾಡ್ರಿ! ಪ್ಲೇಟ್ ಐತೇನು, ಅದನ್ನ ಹೇಳ್ರಿ.”

ಪ್ಲೇಟು ಇತ್ತು. ಒಳಗಿನ ಪೆಟ್ಟಿಗೆಯಿಂದ ಹಳೆಯ ಲುಂಗಿಯಲ್ಲಿ ಸುತ್ತಿದ್ದನ್ನು ಮುದುಕ ತಂದು ಬಿಚ್ಚಿದ. ಎರಡು ಹಂಸದ ಚಿತ್ರ ನೋಡಿದ್ದೇ ಗುತ್ತೆಪ್ಪ ಎರಡೂ ಕೈ ಚಾಚಿದ. ಏನು ಬೇಕಾದರೂ ಕೇಳಿ, ಕೊಡುತ್ತೇನೆ ಎಂದ.

ದಸ್ತಗೀರಸಾಬ ಚೀಟಿಯ ಮೇಲೆ ಬೆರಳಿಟ್ಟ. “ಇಲ್ಲಿ ಏನ ಬರದಾರ? ‘ಮಾರಾಟಕ್ಕಲ್ಲ’. ಕಂಪನಿ ಮುಳುಗಿ ಹೋತು, ಖರೆ. ಆದ್ರೂ ಮಾತ ಮಾತನ ಹೌದಲ್ಲ? ಮಾರಂಗಿಲ್ಲ.”

ಗುತ್ತೆಪ್ಪ ಚಾಚಿದ ಕೈ ಹಿಂದೆಳೆದುಕೊಂಡ. ಕೈಗೆ ಬಂದ ತುತ್ತು ಮತ್ತೆ ಜಾರಿತು ಎಂದುಕೊಂಡ.

“ಹಂಗ್ಯಾಕ ನಿಂತೀರಿ? ಮಾರಂಗಿಲ್ಲ ಅಂದೆ, ಕೊಡಂಗಿಲ್ಲ ಅಂದ್ನೇನು? ಒಯ್ರಿ. ನಿಮ್ಮ ಹೆಸರು ನಿಮ್ಮ ಮನ್ಯಾಗಿರ್ಲಿ.”

ಬಸ್ಸು ಹಾನಗಲ್ ಮುಟ್ಟಿದಾಗ ನಡುಮಧ್ಯಾಹ್ನ. ಪೇಟೆಯಲ್ಲಿ ಭತ್ತದ ಚಕ್ಕಡಿಗಳು ಸಾಲುಗಟ್ಟಿದ್ದವು, ಹಮಾಲರು ಚೀಲ ಹೊರುತ್ತಿದ್ದರು. ಅಂಗಡಿಯ ಹಿಂದೇ ಮನೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಗುತ್ತೆಪ್ಪ ಹೆಂಡತಿಗೆ ಬಂದೆ ಅಂತಲೂ ಹೇಳಲಿಲ್ಲ. ಬಾಗಿಲು ಅರ್ಧ ಎಳೆದುಕೊಂಡು, ಒಬ್ಬನೇ ಕೇಳಬೇಕೆಂದು ಪ್ಲೇಟು ಒರೆಸಿ ಇಟ್ಟ, ಯಂತ್ರ ಹಚ್ಚಿದ. ಮನಸ್ಸು ಒಬ್ಬನೇ ಅಂದರೆ ಕೈ ಕೇಳಬೇಕಲ್ಲ? ಹದಿನೈದು ವರ್ಷದ ರೂಢಿಯ ಕೈ ತನ್ನಷ್ಟಕ್ಕೇ ಹೋಗಿ ಛಾವಣಿಯ ಮೇಲಿನ ಹಾರ್ನಿನ ಗುಂಡಿಯನ್ನೂ ತಿರುವಿತು.

ಮೊದಲು ಶಿಗ್ಗಾಂವಿಯಾಕೆ ಬಂದಳು, ಆಮೇಲೆ ಸವಣೂರಿನಾಕೆ, ಹಿರೇಕೆರೂರಿನಾಕೆ. ಗುತ್ತೆಪ್ಪ ಯಂತ್ರಕ್ಕೆ ಕಿವಿ ಹಚ್ಚಿ ಕುಳಿತ. ಆಮೇಲೆ ಬಂದಳು ಅವನ ಶಂಕ್ರವ್ವ. ದನಿಯಲ್ಲಿ ಎಳೆತನ, ಒಂದಿಷ್ಟು ನಾಚಿಕೆ, ಅದಕ್ಕಿಂತ ಹೆಚ್ಚು ಧಿಮಾಕು.

“ಹಂಸಜೋಡಿ ಚಾಕ್ಕ ಹಾಲು, ಹೋಳಿಗಿಗೆ ತುಪ್ಪ,
ಊರಿಗೆಲ್ಲ ಮೈಕಣ್ಣ, ನನಗೊಬ್ಬಾಕಿಗೆ ಗುತ್ತೆಪ್ಪ.”

ಸಂತೆ ಸಂತೆಗೆ ಓಡಿ ಸವೆದ ಪ್ಲೇಟು. ಯಂತ್ರದ ಮುಳ್ಳು ಅದೇ ಗೆರೆಯಲ್ಲಿ ಸಿಕ್ಕಿಬಿತ್ತು. “ಗುತ್ತೆಪ್ಪ… ಗುತ್ತೆಪ್ಪ… ಗುತ್ತೆಪ್ಪ… ಗುತ್ತೆಪ್ಪ…”

ಹೊರಗೆ ಹಮಾಲರು ಚೀಲ ಹೊತ್ತೇ ನಿಂತರು. ಲಕ್ಷ್ಮಪ್ಪ ಕೈಯಲ್ಲಿ ಕತ್ತಿ ಹಿಡಿದೇ ಬೀದಿಗೆ ಬಂದ, ಅವನ ಹಿಂದೆ ಅರ್ಧ ಬೋಳಿಸಿಕೊಂಡ ಗಿರಾಕಿಯೂ ಬಂದ. ಹಾನಗಲ್ಲಿನ ಪೇಟೆಯ ಮೇಲೆಲ್ಲ ಶಂಕ್ರವ್ವ ಗಂಡನ ಹೆಸರು ಹೇಳುತ್ತಲೇ ಇದ್ದಳು.

ಮುಳ್ಳು ಎತ್ತಲು ಎಷ್ಟು ಹೊತ್ತು? ಗುತ್ತೆಪ್ಪ ಎತ್ತಲಿಲ್ಲ. ಒಮ್ಮೆ ಕೇಳಿದರೆ ಸಾಕು ಅಂತಿದ್ದವನಿಗೆ ಈಗ ಎಷ್ಟು ಕೇಳಿದರೂ ಸಾಲದು. ನನಗೊಬ್ಬಾಕಿಗೆ ಅಂದಾಳಲ್ಲ, ನನಗೊಬ್ಬಾಕಿಗೆ! ಕಣ್ಣು ಮುಚ್ಚಿ ಕುಳಿತ. ಗಲ್ಲದ ಮೇಲೆ ನೀರಿಳಿಯಿತು, ಖುಷಿಗೇ ಇಳಿಯಿತು.

ಅಡುಗೆಮನೆಯಿಂದ ಶಂಕ್ರವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಏನ್ರೀ! ಬಂದ್ ಮಾಡ್ರಿ ಅದನ್ನ!”

ನೆತ್ತಿಯ ಮೇಲೆ ಹಾರ್ನು ಒದರುವಾಗ ಯಾರಿಗೆ ಕೇಳಬೇಕು?

“ಏನ್ರೀ! ಕೇಳಿದ್ರೇನು! ರೇಣವ್ವನ ಅಪ್ಪಾ! ಮಂದಿ ನಗಾಕತ್ತೈತಿ!”

ಅವನು ಅಲುಗಲಿಲ್ಲ. ಶಂಕ್ರವ್ವನಿಗೆ ಕುತ್ತಿಗೆಗೆ ಬಂದಿತ್ತು. ಅವನ ಮುಖದ ಮುಂದೆಯೇ ಬಂದು ನಿಂತು, ಉಸಿರೆಳೆದುಕೊಂಡು, ಎಷ್ಟು ಜೋರು ಆಗುತ್ತದೋ ಅಷ್ಟು ಜೋರಾಗಿ ಕೂಗಿದಳು.

“ಗುತ್ತೆಪ್ಪಾ! ಮುಳ್ಳ ಎತ್ತೋ!”

ಅವನು ಕಣ್ಣು ತೆರೆದ. ಕೈ ತಾನಾಗಿಯೇ ಮುಳ್ಳು ಎತ್ತಿತು. ಹಾರ್ನು ಸುಮ್ಮನಾಯಿತು, ಪೇಟೆ ಸುಮ್ಮನಾಯಿತು. ತನ್ನ ಬಾಯಿಂದ ಏನು ಬಿತ್ತೆಂದು ಶಂಕ್ರವ್ವನಿಗೆ ಆಗ ಹೊಳೆದು, ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ನಿಂತಳು.

“ಓ,” ಅಂದ ಗುತ್ತೆಪ್ಪ.